ತಲೆಯೊಳಗಿನ ಉಂಗುರ

ಜನವರಿಯ ಎರಡನೆಯ ಮಂಗಳವಾರ ಬೆಳಿಗ್ಗೆ, ಮುಂಬಯಿಯ ಲೋಕಲ್ ರೈಲು ಬೊರಿವಲಿ ದಾಟಿದ ಮೇಲೆ, ನನ್ನ ಬಲಗೈಯ ಹೆಬ್ಬೆರಳು ನನ್ನನ್ನು ಕೇಳದೆಯೇ ಕುಣಿಯತೊಡಗಿತು. ಫೋನು ಹಿಡಿದಿದ್ದೆ. ಮೊದಲು ಫೋನೇ ನಡುಗುತ್ತಿದೆ ಅಂದುಕೊಂಡೆ. ಆಮೇಲೆ ಉಳಿದ ಬೆರಳುಗಳು, ಮಣಿಕಟ್ಟು, ಕೊನೆಗೆ ಬಾಯಿಯ ಬಲಮೂಲೆ. ಎದುರಿಗೆ ಕೂತಿದ್ದ ಹೆಂಗಸಿನ ಕಡೆ ಎಡಗೈ ಚಾಚಿ ಏನೋ ಹೇಳಲು ಹೋದೆ. ಹೇಳಬೇಕಾದ ಮಾತು ತಲೆಯಲ್ಲಿ ಸ್ಪಷ್ಟವಾಗಿತ್ತು, ಬಾಯಿಗೆ ಬರಲಿಲ್ಲ.

ನಮ್ಮ ಲೇಡೀಸ್ ಡಬ್ಬಿಯಲ್ಲಿ ನಿಂತವರು ಕೂತವರ ಕಡೆ ಕೈ ಚಾಚಿದರೆ ಅದಕ್ಕೆ ಒಂದೇ ಅರ್ಥ: ನೀವು ಎಲ್ಲಿ ಇಳಿಯುತ್ತೀರಿ, ಆ ಸೀಟು ನನಗಿರಲಿ. ಆಕೆ ತಲೆಯೆತ್ತದೆ, "ಮೈ ತೋ ಚರ್ಚ್‌ಗೇಟ್ ಜಾವೂಂಗಿ" ಅಂದಳು. ಕೊನೆಯ ಸ್ಟೇಷನ್ನಿನವರೆಗೂ ಹೋಗುವವಳು, ನನ್ನಿಂದ ನಿನಗೆ ಸೀಟು ಸಿಗುವುದಿಲ್ಲ ಅಂತ. ಆಮೇಲೆ ನನ್ನ ಮುಖ ನೋಡಿ ಗಾಬರಿಯಾಗಿ ಎದ್ದು ನಿಂತಳು. ಡಬ್ಬಿಯೆಲ್ಲ ಮಾತಾಡತೊಡಗಿತು. "ಚಾವಿ ದೋ, ಚಾವಿ ದೋ ಹಾಥ್ ಮೇಂ!" ಯಾರೋ ನನ್ನ ಅಂಗೈಗೆ ಮನೆಯ ಬೀಗದ ಕೈ ತುರುಕಿದರು. ಇನ್ನೊಬ್ಬಳು ಮೂಸಿಸಲು ಚಪ್ಪಲಿ ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಕೈ ತಾನಾಗಿ ನಿಂತಿತು. ಕಾಂದಿವಲಿ ಬರುವ ಹೊತ್ತಿಗೆ ಮಾತೂ ಬಂತು. ಮೊದಲು ಹೇಳಿದ್ದು "ಚಪ್ಪಲ್ ನಹೀಂ."

ನಾನು ಕಾಲೇಜಿನಿಂದ ಡೈರಿ ಬರೆಯುತ್ತ ಬಂದವಳು. ಯಾವ ಗಾಡಿ ಹಿಡಿದೆ, ಸೀಟು ಸಿಕ್ಕಿತೋ ಇಲ್ಲವೋ, ತಿಂಗಳಿಗೆ ಎಷ್ಟು ಸಲ ಗಾಡಿ ತಪ್ಪಿತು, ಎಲ್ಲಕ್ಕೂ ಗೀಟು ಹಾಕಿ ತಿಂಗಳ ಕೊನೆಗೆ ಕೂಡಿಸುವುದು ನನ್ನ ಅಭ್ಯಾಸ. ಅವತ್ತು ಹೊಸ ಪುಟ ತೆಗೆದು ಮೇಲೆ "ಕೈ" ಎಂದಷ್ಟೇ ಬರೆದು ಒಂದು ಗೀಟು ಹಾಕಿದೆ.

ನಮ್ಮ ಮನೆ ದಹಿಸರ್‌ನಲ್ಲಿ, ಮೂರನೇ ಮಾಳಿಗೆಯಲ್ಲಿ. ಅಪ್ಪ ವಿಜಯಪುರದ ಕಡೆಯವರು. ಹುಡುಗನಾಗಿದ್ದಾಗಲೇ ಈ ಊರಿಗೆ ಬಂದು, ಬಿಲ್ಡಿಂಗಿನ ಕೆಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಜೋಳ ಮಾರುವ ಅಂಗಡಿ ಇಟ್ಟರು. ಚಟ್ನಿ ಕುಟ್ಟುವುದು ಅವ್ವ. ನಾನು ಅಂಧೇರಿಯ ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತೇನೆ. ಮನೆಯ ಹತ್ತಿರದ ಡಾಕ್ಟರು ನನ್ನ ಕೈಯ ಕಥೆ ಕೇಳಿದವರೇ ಅಂಧೇರಿಯ ನರರೋಗದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಡಾಕ್ಟರಮ್ಮ ಕೈ ತಟ್ಟಿ, ಮೊಣಕಾಲು ತಟ್ಟಿ, "ಒಳಗಿನ ಫೋಟೋ ಬೇಕು" ಎಂದು ಎಂಆರ್‌ಐಗೆ ಬರೆದುಕೊಟ್ಟರು.

ಸ್ಕ್ಯಾನಿನ ಕೋಣೆಯಲ್ಲಿ ತಂಪು ಬಹಳ. ತಲೆಯ ಸುತ್ತ ಪಂಜರದಂಥದ್ದೊಂದನ್ನು ಕೂರಿಸಿ, ಕಿವಿಗೆ ಹತ್ತಿ ತುರುಕಿ, ಭಯವಾದರೆ ಅದುಮಲು ಕೈಗೆ ರಬ್ಬರ್ ಚೆಂಡು ಕೊಟ್ಟು ಕೊಳವೆಯೊಳಗೆ ತಳ್ಳಿದರು. ಮೊದಲು ಟಕ್ ಟಕ್, ಆಮೇಲೆ ಗುಡುಗುಡು, ಆಮೇಲೆ ಹಳೆಯ ಅಲಾರಂ ಕೆಟ್ಟು ಕೂಗಿದಂಥ ಶಬ್ದ. ಹೆದರಿಕೆಯಾದಾಗ ಎಣಿಸುವುದು ನನಗೆ ಗೊತ್ತಿರುವ ಒಂದೇ ಉಪಾಯ. ಎಣಿಸಿದೆ. ಸ್ವಲ್ಪ ಹೊತ್ತಿಗೆ ಶಬ್ದ ನಿಂತು, ಒಳಗೆ ಯಾರ ಜೊತೆ ಮಾತಾಡುತ್ತಿದ್ದೀರಿ ಅಂತ ಸ್ಪೀಕರಿನಲ್ಲಿ ಟೆಕ್ನಿಷಿಯನ್ ಕೇಳಿದ.

"ಮೇಡಮ್, ಅಂದರ್ ಕಿಸ್ ಸೇ ಬಾತ್ ಕರ್ ರಹೀ ಹೋ?"

"ಕಿಸೀ ಸೇ ನಹೀಂ. ಗಿನ್ ರಹೀ ಹೂಂ." ಯಾರ ಜೊತೆಯೂ ಇಲ್ಲ, ಎಣಿಸುತ್ತಿದ್ದೇನೆ ಅಂದೆ.

"ಕ್ಯಾ ಗಿನ್ ರಹೀ ಹೋ?"

"ಟಕ್ ಟಕ್."

ಆಮೇಲೆ ಅವನು ಬಹಳ ತಾಳ್ಮೆಯಿಂದ, ನಾನು ಎಣಿಸುವಾಗ ದವಡೆ ಆಡುತ್ತಿದೆ, ದವಡೆ ಆಡಿದರೆ ತಲೆ ಆಡುತ್ತದೆ, ತಲೆ ಆಡಿದರೆ ಫೋಟೋ ಮಸಕಾಗುತ್ತದೆ ಎಂದು ಹೇಳಿ ಮೊದಲಿಂದ ಶುರು ಮಾಡಿದ. ಹೊರಗೆ ಬಂದಾಗ ಅಪ್ಪ ಕೇಳಿದರು: "ಯಾಕ ಇಷ್ಟೊತ್ತು? ಏನರ ಸಿಕ್ತೇನು?"

"ಮತ್ತೊಮ್ಮೆ ತೆಗೆದ್ರು. ನಾ ಎಣಸ್ಲಿಕ್ಕತ್ತಿದ್ದೆ ಅಂತ."

"ಅಲ್ಲೂ ಲೆಕ್ಕಾ ಬಿಡಲಿಲ್ಲೇನು ನೀ!" ಎಂದು ಅಪ್ಪ ಹಣೆ ಹಿಡಿದುಕೊಂಡರು.

ಆ ವಾರವೇ ಡಾಕ್ಟರಮ್ಮ ತಮ್ಮ ಪರದೆಯ ಮೇಲೆ ನನ್ನ ಮಿದುಳನ್ನು ತೋರಿಸಿದರು. ಬೂದು ಬಣ್ಣದ ಮಡಿಕೆಗಳ ನಡುವೆ, ಎಡ ಮಗ್ಗುಲಲ್ಲಿ, ಸಣ್ಣದೊಂದು ಬಿಳಿಯ ಉಂಗುರ. ಅದರ ಒಳಗೆ ಒಂದು ಅಂಚಿಗೆ ಒತ್ತಿಕೊಂಡು ಒಂದು ಚುಕ್ಕೆ. ಸುತ್ತಲೂ ಬಟ್ಟೆಯ ಮೇಲೆ ನೀರು ಹರಡಿದ ಹಾಗೆ ಊತ. ಡಾಕ್ಟರಮ್ಮ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಇಂಥ ಉಂಗುರ ಮೂರು ಕಾರಣಕ್ಕೆ ಬರಬಹುದು: ಹುಳ, ಟಿಬಿ, ಗಡ್ಡೆ. ಒಳಗಿನ ಚುಕ್ಕೆ ಹುಳದ ತಲೆಯ ಹಾಗೆ ಕಾಣುತ್ತದೆ, ಆದ್ದರಿಂದ ಹುಳವೇ ಇರಬೇಕು. ಹುಳಕ್ಕೆ ಔಷಧಿ ಕೊಟ್ಟು ಜುಲೈಯಲ್ಲಿ ಮತ್ತೆ ಫೋಟೋ ತೆಗೆಯೋಣ. ಉಂಗುರ ಸಣ್ಣದಾಗಿದ್ದರೆ ಸರಿ. ದೊಡ್ಡದಾಗಿದ್ದರೆ ತಲೆಬುರುಡೆಗೆ ತೂತು ಮಾಡಿ ಚೂರು ತೆಗೆದು ನೋಡಬೇಕಾಗುತ್ತದೆ. ಆ ಜಾಗ ಮಾತ್ರ ಒಳ್ಳೆಯದಲ್ಲ, ಬಲಗೈಯೂ ಮಾತೂ ಅಲ್ಲೇ ಅಕ್ಕಪಕ್ಕ ಇವೆ.

ನಾನು ಕೊನೆಯ ಮಾತಿನಲ್ಲೇ ನಿಂತುಬಿಟ್ಟಿದ್ದೆ. ಅಪ್ಪ ಮೊದಲ ಮಾತಿನಲ್ಲಿದ್ದರು.

"ಕೌನ್ ಸಾ ಕೀಡಾ?"

"ಸೂಅರ್ ವಾಲಾ," ಅಂದರು ಡಾಕ್ಟರಮ್ಮ.

ಅವ್ವನಿಗೆ ಮರಾಠಿ ಬರುತ್ತದೆ, ಹಿಂದಿ ಅಷ್ಟಕ್ಕಷ್ಟೆ. "ಏನಂದ್ರು?" ಅಂತ ಅಪ್ಪನನ್ನು ಕೇಳಿದಳು.

"ಹಂದಿ ಹುಳಾ ಅಂತ."

ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ನಾವು ಲಿಂಗಾಯತ್ರು ಅಂತ ಹೇಳ್ರಿ ಅವ್ರಿಗೆ."

ಅಪ್ಪ ಹೇಳಿದರು. ಡಾಕ್ಟರಮ್ಮ ನಕ್ಕರು. ಮಾಂಸ ಮುಟ್ಟದವರಿಗೂ ಇದು ಬರುತ್ತದೆ, ಎಷ್ಟೋ ಜನರನ್ನು ನೋಡಿದ್ದೇನೆ ಎಂದರು. ಯಾರದೋ ಹೊಟ್ಟೆಯಲ್ಲಿ ಹುಳ ಇರುತ್ತದೆ. ಅದರ ಮೊಟ್ಟೆ ಅವರ ಮಲದಿಂದ ಹೊಲದ ನೀರಿಗೆ ಬೀಳುತ್ತದೆ, ತೊಳೆಯದ ಕೈಗೆ ಹತ್ತುತ್ತದೆ, ಅಲ್ಲಿಂದ ಬೇಯಿಸದ ಸೊಪ್ಪಿನ ಮೇಲೆ ಕೂತು ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಒಡೆದು ಮರಿ ರಕ್ತದ ಜೊತೆ ಮಿದುಳು ಸೇರುತ್ತದೆ. "ಕಚ್ಚೀ ಸಬ್ಜೀ ಸೇ ಭೀ ಆತಾ ಹೈ, ಮಾಜೀ."

ಮನೆಗೆ ಬಂದ ಮೇಲೂ ಅಪ್ಪನಿಗೆ ಸಮಾಧಾನವಿಲ್ಲ. ಚಹಾ ಕುಡಿಯುತ್ತ ನನ್ನ ವಿಚಾರಣೆ ಶುರುವಾಯಿತು.

"ಖರೇ ಹೇಳು. ಆಫೀಸ್ನ್ಯಾಗ ಪಾರ್ಟಿ ಮಾಡ್ತೀರಲ್ಲ, ಅಲ್ಲೇನು ತಿಂತಿ?"

"ಪಿಜ್ಜಾ."

"ಅದರ ಮ್ಯಾಲ ಏನೇನೋ ತುಂಡು ಹಾಕಿರ್ತಾರ."

"ಅಪ್ಪಾ, ಅದು ಪನೀರ್."

"ಪನೀರ್ ಅಂತ ಹೇಳಿ ಕೊಟ್ಟಿರ್ತಾರ ನಿನಗ!"

ಎದುರು ಮನೆಯ ಖಾಲಾ ಆಗಲೇ ಬಾಗಿಲಲ್ಲಿ ನಿಂತಿದ್ದರು. ಅವರೂ ಕನ್ನಡದವರೇ, ಬೆಳಗಾವಿ ಕಡೆಯ ಮುಸಲ್ಮಾನರು, ಅವ್ವನಿಗಿಂತ ಚಿಕ್ಕವರು. ಅವರ ಯಜಮಾನರು ಫ್ರಿಜ್ ರಿಪೇರಿ ಮಾಡುತ್ತಾರೆ. ವಿಷಯ ತಿಳಿದು ಖಾಲಾ ಒಳಗೆ ಬಂದು ಕೂತರು. "ಅಣ್ಣಾ, ಸಾಕು ಬಿಡ್ರಿ ಪಾಪ. ಈ ಬಿಲ್ಡಿಂಗಿನ್ಯಾಗ ಹಂದಿ ತಿನ್ನದವರು ನಿಮ್ಮ ಮನಿಯವ್ರು, ನಮ್ಮ ಮನಿಯವ್ರು. ಆ ವಿಷಯದಾಗ ನಾವೂ ನೀವೂ ಒಂದ ಪಾರ್ಟಿ. ಅಂಥಾ ಎರಡು ಮನಿ ಬಿಟ್ಟು ಮತ್ತೆಲ್ಲಿ ಬರಬೇಕಿತ್ತು ಈ ಹುಳಾ?" ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಪಿಜ್ಜಾದ ವಿಚಾರಣೆ ಅಲ್ಲಿಗೆ ಮುಗಿಯಿತು.

ಅವ್ವ ಮಾತ್ರ ನಗಲಿಲ್ಲ. ಆಕೆಯ ಕಿವಿಯಲ್ಲಿ ಉಳಿದಿದ್ದು "ಕಚ್ಚೀ ಸಬ್ಜೀ", ಹಸಿ ತರಕಾರಿ, ಎನ್ನುವ ಎರಡು ಶಬ್ದ.

ನಮ್ಮಲ್ಲಿ ರೊಟ್ಟಿಯ ತಾಟಿನ ಅಂಚಿಗೆ ಹಸಿ ತಪ್ಪಲು, ಅಂದರೆ ಬೇಯಿಸದ ಸೊಪ್ಪು, ಇರಲೇಬೇಕು. ಹಕ್ಕರಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ. ಇವು ಮುಂಬಯಿಯ ಮಾರ್ಕೆಟ್ಟಿನವು ಆಗುವುದಿಲ್ಲ, ರುಚಿಯಿಲ್ಲ ಅಂತ ಅವ್ವನ ಹಟ. ಊರಲ್ಲಿರುವ ಮಾವ ಪ್ರತಿ ಶನಿವಾರ ವಿಜಯಪುರದ ಬಸ್ಸಿಗೆ ಒಂದು ಚೀಲ ಹಾಕಿ ಕಳಿಸುತ್ತಾನೆ. ಭಾನುವಾರ ಬೆಳಿಗ್ಗೆ ಅಪ್ಪ ಟೋಲ್ ನಾಕಾಕ್ಕೆ ಹೋಗಿ ಇಳಿಸಿಕೊಂಡು ಬರುತ್ತಾರೆ. ಒಂದು ಸಲ ನೀರಿನಲ್ಲಿ ಅದ್ದಿ, ಜಾಡಿಸಿ, ತಾಟಿಗೆ ಇಡುವುದು. ಮಣ್ಣಿನ ವಾಸನೆ ಸ್ವಲ್ಪ ಉಳಿದರೇ ಚೆಂದ ಅನ್ನುತ್ತಿದ್ದಳು ಅವ್ವ. ಆ ಭಾನುವಾರ ಚೀಲ ಬಿಚ್ಚಿ ಒಂದೊಂದು ಎಲೆಯನ್ನೂ ತಿರುಗಿಸಿ ನೋಡಿದಳು. ಆಮೇಲೆ ಇಡೀ ಚೀಲವನ್ನು, ಹಕ್ಕರಕಿಯನ್ನೂ ಬಿಡದೆ, ಕುದಿಸಿಬಿಟ್ಟಳು.

ಅಪ್ಪ ತುತ್ತು ಬಾಯಿಗಿಟ್ಟು, "ಏನಿದು? ದನಕ್ಕ ಹಾಕೂದು ನಮಗ ಹಾಕೀಯೇನು?" ಅಂದರು.

"ಸುಮ್ನ ತಿನ್ರಿ."

"ಹಕ್ಕರಕಿ ಯಾರರ ಕುದಿಸ್ತಾರೇನ?"

"ನಾ ಕುದಿಸ್ತೀನಿ. ನನ್ನ ಮಗಳ ತಲ್ಯಾಗ ಹುಳಾ ಹೊಕ್ಕೈತಿ," ಅಂದವಳೇ ಎದ್ದು ಒಳಗೆ ಹೋದಳು.

ಮುಂದಿನ ಸಲ ಡಾಕ್ಟರಮ್ಮನ ಹತ್ತಿರ ಹೋದಾಗ ಅವ್ವ ನನಗೆ ಮಾತಾಡಲು ಬಿಡಲಿಲ್ಲ. ತನ್ನ ಮರಾಠಿಯಲ್ಲೇ ಕೇಳಿದಳು, ಇದು ತನ್ನ ಕೈಯಿಂದ ಆಗಿದ್ದೇ ಅಂತ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಭೇಲ್ ಮೇಲಿನ ಕೊತ್ತಂಬರಿ, ಸ್ಟೇಷನ್ ಹೊರಗೆ ಹೆಚ್ಚಿಟ್ಟ ಸೌತೆಕಾಯಿ, ಮದುವೆಯ ಊಟದ ಸಲಾಡ್, ಯಾರೋ ಕೊಟ್ಟ ನೀರು, ಇವುಗಳಲ್ಲಿ ಯಾವುದು, ಯಾವ ವರ್ಷದ್ದು ಅಂತ ಯಾರೂ ಹೇಳಲಾರರು, ಯಾವ ಮಶೀನೂ ಹೇಳಲಾರದು ಎಂದರು. ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆಯಿರಿ, ಅಡುಗೆಗೆ ಮುಂಚೆ ಎಲ್ಲರೂ ಸಾಬೂನಿನಲ್ಲಿ ಕೈ ತೊಳೆಯಿರಿ, ಸದ್ಯಕ್ಕೆ ಬೇಯಿಸಿಯೇ ತಿನ್ನಿ.

ಅವ್ವನ ಮುಖದ ಬಿಗಿ ಸ್ವಲ್ಪ ಸಡಿಲಾಯಿತು. ಆಟೋದಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿದಳು. "ಭೇಳ ಎಷ್ಟು ಸಲ ತಿಂದೀ ಅಂಧೇರ್ಯಾಗ? ಎಲ್ಲಾ ಬರ್ದಿಡ್ತೀಯಲ್ಲ, ಹೇಳು ನೋಡೂಣು."

ಬರೆದಿಟ್ಟಿದ್ದೆ. ಹೇಳಲಿಲ್ಲ.

ಹುಳದ ಗುಳಿಗೆ ಕೆಲವು ವಾರದ್ದು, ಊತದ ಗುಳಿಗೆ ಅದರ ಜೊತೆಗೆ, ಕೈ ಕುಣಿಯದಂತೆ ತಡೆಯುವ ಗುಳಿಗೆ ಬೆಳಿಗ್ಗೆ ಸಂಜೆ. ಫೆಬ್ರವರಿ ತಿಂಗಳಿಡೀ "ಕೈ" ಪುಟದಲ್ಲಿ ಒಂದು ಗೀಟೂ ಬೀಳಲಿಲ್ಲ. ಮಾರ್ಚಿನಲ್ಲಿ ಎರಡು ಬಿದ್ದವು. ಏಪ್ರಿಲ್‌ನಲ್ಲಿ, ಹದಿನೈದು ದಿನ ಕಳೆಯುವುದರೊಳಗೆ, ನಾಲ್ಕು. ಎಲ್ಲವೂ ಸಣ್ಣವು. ಹೆಬ್ಬೆರಳು, ತೋರುಬೆರಳು, ಒಂದು ಸಲ ಮಾತ್ರ ಮಣಿಕಟ್ಟಿನವರೆಗೆ. ಒಂದು ಬಂದಿದ್ದು ಆಫೀಸಿನಲ್ಲಿ, ಕೀಬೋರ್ಡಿನ ಮೇಲೆ. ಪರದೆಯ ಮೇಲೆ ಒಂದೇ ಅಂಕಿ ಸಾಲಾಗಿ ಬಿದ್ದು ಪಕ್ಕದವಳು "ನಿದ್ದೆ ಬಂತಾ?" ಅಂತ ನಕ್ಕಳು. ನಾನೂ ನಕ್ಕೆ.

ಸೊನ್ನೆ, ಎರಡು, ನಾಲ್ಕು. ಲೆಕ್ಕ ನೋಡುವವಳಿಗೆ ಇದರ ಅರ್ಥ ಬೇರೆಯವರು ಹೇಳಬೇಕಾಗಿಲ್ಲ. ಉಂಗುರ ಬೆಳೆಯುತ್ತಿದೆ ಅಂತ ನನಗೆ ಖಾತ್ರಿಯಾಯಿತು. ಜುಲೈಯಲ್ಲಿ ತಲೆಗೆ ತೂತು ಬೀಳುತ್ತದೆ, ಆಮೇಲೆ ಬಲಗೈ ನನ್ನದಾಗಿ ಉಳಿಯುತ್ತದೋ ಇಲ್ಲವೋ. ಮನೆಯಲ್ಲಿ ಯಾರಿಗೂ ಹೇಳದೆ ಎಡಗೈಯಲ್ಲಿ ಬರೆಯಲು ಶುರು ಮಾಡಿದೆ. ಏಪ್ರಿಲ್‌ನ ಪುಟಗಳು ಈಗಲೂ ಒಂದನೆಯ ಇಯತ್ತೆಯ ಮಗು ಬರೆದ ಹಾಗಿವೆ. ಬೆಳಿಗ್ಗೆ ಹಲ್ಲುಜ್ಜುವಾಗ ದಹಿಸರ್‌ನಿಂದ ಚರ್ಚ್‌ಗೇಟ್‌ವರೆಗಿನ ಸ್ಟೇಷನ್‌ಗಳ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ, ಮಾತು ಇನ್ನೂ ಇದೆಯೇ ಎಂದು ನೋಡಲು. ಒಂದು ದಿನ ಮಾಟುಂಗಾ ರೋಡ್ ಎಂಬ ಹೆಸರು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಅವತ್ತು ಆಫೀಸಿಗೆ ಹೋಗದೆ ನೇರವಾಗಿ ಡಾಕ್ಟರಮ್ಮನ ಹತ್ತಿರ ಹೋದೆ.

ಅವರು ನನ್ನ ಗೀಟುಗಳನ್ನು ಗಮನವಿಟ್ಟು ನೋಡಿದರು. ತಾರೀಖು, ಎಷ್ಟು ಹೊತ್ತು, ಯಾವ ಬೆರಳು.

"ಚೆನ್ನಾಗಿ ಬರೆದಿದ್ದೀ. ಇದರಿಂದ ಏನು ತಿಳಿದುಕೊಂಡೆ?"

"ಬೆಳೀತಾ ಇದೆ ಅಂತ."

"ಇದರಿಂದ ಅದು ತಿಳಿಯೋದಿಲ್ಲ," ಅಂದರು ಅವರು ತಮ್ಮ ಹಿಂದಿಯಲ್ಲಿ, ತೀರಾ ಸಾದಾ ದನಿಯಲ್ಲಿ. ಬದುಕಿರುವ ಹುಳ ಸುಮ್ಮನಿರುತ್ತದೆ, ಮಿದುಳಿಗೆ ಅದರ ಗೊಡವೆಯೇ ಇರುವುದಿಲ್ಲ. ಅದು ಸಾಯುವಾಗ ಸುತ್ತಲಿನ ಜಾಗ ಊದಿಕೊಂಡು ಸಿಟ್ಟಿಗೇಳುತ್ತದೆ. ಆಗ ಕೈ ಹೆಚ್ಚು ಕುಣಿಯಬಹುದು. ನಿನ್ನ ಲೆಕ್ಕ ಸರಿ. ಅದು ಸಿಟ್ಟಿನ ಲೆಕ್ಕ, ಉಂಗುರದ ಅಳತೆಯಲ್ಲ. ಉಂಗುರವನ್ನು ಫೋಟೋ ಮಾತ್ರ ಅಳೆಯುತ್ತದೆ.

"ಹಾಗಾದ್ರೆ ಈಗಲೇ ತೆಗೀರಿ."

"ಈಗ ತೆಗೆದರೆ ಊತವೇ ಕಾಣುತ್ತದೆ. ನೀನು ಇನ್ನೂ ಹೆದರುತ್ತೀ." ಕೈಯಲ್ಲಿ ಬಲ ಕಡಿಮೆಯಾದರೆ, ತಲೆನೋವಿನ ಜೊತೆ ವಾಂತಿಯಾದರೆ, ಕಣ್ಣು ಮಂಜಾದರೆ ಆ ದಿನವೇ ಬಾ, ಆ ದಿನವೇ ತೆಗೆಯುತ್ತೇನೆ ಎಂದರು. ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಮಾಟುಂಗಾದ ವಿಷಯ ಕೇಳಿ, "ನನಗೂ ಸ್ಟೇಷನ್‌ಗಳ ಸಾಲು ಪೂರ್ತಿ ಬರೋದಿಲ್ಲ" ಅಂದರು.

ಅವರ ಮಾತು ಬುದ್ಧಿಗೆ ತಿಳಿಯಿತು. ಆದರೆ ಮೇ ತಿಂಗಳಲ್ಲಿ ಮೂರು ಗೀಟು ಬಿದ್ದವು, ಜೂನ್‌ನಲ್ಲಿ ಒಂದು. ಪ್ರತಿಯೊಂದು ಸಲವೂ ಬೆರಳು ನಿಲ್ಲುವವರೆಗೆ ನಾನು ನಂಬಿದ್ದು ಬೆರಳನ್ನೇ. ಎಡಗೈಯ ಅಭ್ಯಾಸ ಬಿಡಲಿಲ್ಲ.

ಜುಲೈಯಲ್ಲಿ ಎರಡನೆಯ ಸ್ಕ್ಯಾನ್. ಅದೇ ಟೆಕ್ನಿಷಿಯನ್. "ಗಿನತೀ ವಾಲೀ ಮೇಡಮ್, ಆಜ್ ಛುಟ್ಟೀ ಲೇ ಲೋ" ಅಂದ, ಎಣಿಕೆಗೆ ಇವತ್ತು ರಜೆ ಅಂತ. ನಡುವೆ ಹೊರಗೆಳೆದು ಕೈಯ ನರಕ್ಕೆ ಬಣ್ಣದ ಔಷಧಿ ಚುಚ್ಚಿ ಮತ್ತೆ ಒಳಗೆ ಕಳಿಸಿದರು. ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಮಲಗಿದ್ದೆ. ಮುಗಿದ ಮೇಲೆ ಅವನು ಏನೂ ಹೇಳಲಿಲ್ಲ, ಹೇಳುವ ಹಾಗೂ ಇಲ್ಲ. ಅಷ್ಟಕ್ಕೇ ಬಿಡಬೇಕಲ್ಲ, ಸ್ಟೇಷನ್ನಿನವರೆಗೂ ಅಪ್ಪ ಅವನ ಮುಖವನ್ನೇ ನೆನೆಸಿಕೊಂಡು ಅರ್ಥ ಹುಡುಕುತ್ತಿದ್ದರು.

"ಹೊರಗ ಬಂದಾಗ ಅಂವ ನಕ್ಕಂಗ ಕಾಣ್ತು."

"ಅವನ ಮಾರೀನ ಹಂಗ ಐತಿ," ಅಂದಳು ಅವ್ವ. "ಜನವರ್ಯಾಗೂ ಹಿಂಗ ನಕ್ಕಿದ್ದ."

ಮರುದಿನ ರಿಪೋರ್ಟಿನ ಲಕೋಟೆ ಕೈಗೆ ಬಂತು. ಮೊದಲ ಸಲ ನಾನು ಅದನ್ನು ಲೋಕಲ್‌ನಲ್ಲೇ ಒಡೆದು, ಒಂದೊಂದು ಶಬ್ದವನ್ನೂ ಫೋನಿನಲ್ಲಿ ಹುಡುಕಿ, ಅಂಧೇರಿಯಿಂದ ದಹಿಸರ್ ತಲುಪುವುದರೊಳಗೆ ಸತ್ತು ಬದುಕಿದ್ದೆ. ಈ ಸಲ ಅಪ್ಪ ಲಕೋಟೆಯನ್ನು ನನ್ನ ಕೈಗೆ ಕೊಡಲೇ ಇಲ್ಲ. ಅಂಗಿಯೊಳಗೆ ಬನಿಯನ್ನಿಗೆ ಒತ್ತಿ ಇಟ್ಟುಕೊಂಡು, ಸೀದಾ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟರು. ಅಷ್ಟೊತ್ತಿಗೆ ಅದು ಬೆವರಿನಿಂದ ಮೆತ್ತಗಾಗಿತ್ತು.

ಡಾಕ್ಟರಮ್ಮ ಕಾಗದವನ್ನು ಪಕ್ಕಕ್ಕಿಟ್ಟು ಪರದೆಯಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ತಂದರು. ಎಡಗಡೆಯದು ಜನವರಿಯದು, ಬಲಗಡೆಯದು ಈಗಿನದು. ಎಡಗಡೆಯ ಚಿತ್ರ ನನಗೆ ಬಾಯಿಪಾಠವಾಗಿತ್ತು. ಆ ಮಡಿಕೆ, ಅದರ ಕೆಳಗಿನ ಮಡಿಕೆ, ಅವೆರಡರ ನಡುವೆ ಉಂಗುರ. ಬಲಗಡೆಯಲ್ಲಿ ಅದೇ ಮಡಿಕೆಯನ್ನು ಹುಡುಕಿದೆ. ಸಿಕ್ಕಿತು. ಅದರ ಕೆಳಗಿನದೂ ಸಿಕ್ಕಿತು. ನಡುವೆ ಏನೂ ಇರಲಿಲ್ಲ. ತಪ್ಪು ಜಾಗ ನೋಡುತ್ತಿದ್ದೇನೆ ಅಂದುಕೊಂಡು ಮತ್ತೆ ಜನವರಿಯಿಂದ ಶುರು ಮಾಡಿದೆ.

"ಸರಿಯಾದ ಜಾಗದಲ್ಲೇ ನೋಡ್ತಾ ಇದ್ದೀ," ಅಂದರು ಡಾಕ್ಟರಮ್ಮ. "ಹೋಗಿದೆ."

ಇನ್ನೊಂದು ಬಗೆಯ ಚಿತ್ರ ತೆಗೆದು, ಅದರಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದನ್ನು ತೋರಿಸಿದರು. ಹುಳ ಸತ್ತು ಒಣಗಿ ಉಳಿದ ಕಲೆ. ಟಿಬಿಯ ಮಾತೂ ಇಲ್ಲ, ಗಡ್ಡೆಯ ಮಾತೂ ಇಲ್ಲ, ತೂತು ಕೊರೆಯುವ ಪ್ರಶ್ನೆಯೇ ಇಲ್ಲ. ಕಲೆ ಇದ್ದ ಕಡೆ ಯಾವಾಗಲಾದರೂ ಬೆರಳು ಒಮ್ಮೆ ಜಿಗಿಯಬಹುದು, ಆದ್ದರಿಂದ ಗುಳಿಗೆ ಇನ್ನೂ ಕೆಲಕಾಲ ನುಂಗಬೇಕು. ಮುಂದಿನ ವರ್ಷ ಮತ್ತೊಂದು ಫೋಟೋ ನೋಡಿ ನಿಧಾನಕ್ಕೆ ಕಡಿಮೆ ಮಾಡೋಣ. ನಾನು ತಲೆಯಾಡಿಸುತ್ತಿದ್ದೆ. ಏಪ್ರಿಲ್‌ನಲ್ಲಿ, ಮೇಯಲ್ಲಿ, ನಾನು ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದ ಅವೇ ದಿನಗಳಲ್ಲಿ ಇದು ಒಳಗೆ ಸದ್ದಿಲ್ಲದೆ ಸಣ್ಣದಾಗುತ್ತ ಹೋಗಿತ್ತು. ನನ್ನ ಮೈಯೊಳಗೇ ನಡೆದ ಒಳ್ಳೆಯ ಸುದ್ದಿ ನನಗೆ ತಿಳಿದದ್ದು ಪರದೆಯಿಂದ.

ಅಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ ಕೂತರು. ಒರೆಸುವುದು ಮುಗಿಯಲಿಲ್ಲ.

ಅವ್ವನಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ. "ಆ ಮಗ್ಗಲದಾಗ ಇಲ್ಲ, ಖರೆ. ಮತ್ತೊಂದು ಮಗ್ಗಲಕ್ಕ ಹೋಗಿ ಕುಂತಿದ್ರ? ಎಲ್ಲಾ ತೋರಸ್ರಿ ಅಂತ ಹೇಳು."

"ಅವ್ವಾ, ಹೊರಗ ಮಂದಿ ಕಾಯ್ಲಿಕ್ಕತ್ಯಾರ."

"ಕಾಯಲಿ. ನಾವು ಆರು ತಿಂಗಳು ಕಾಯ್ದಿಲ್ಲೇನು?"

ಡಾಕ್ಟರಮ್ಮನಿಗೆ ನಾನು ಅದನ್ನು ಹೇಳಬೇಕಾಗಲಿಲ್ಲ. ಅವರು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಅವ್ವನನ್ನು ಪರದೆಯ ಹತ್ತಿರ ಕರೆದು, ಕತ್ತಿನ ಬುಡದಿಂದ ಶುರು ಮಾಡಿದರು. ಮೌಸ್‌ನ ಗಾಲಿ ತಿರುಗಿದಂತೆ ನನ್ನ ತಲೆ ತೆಳುತೆಳುವಾದ ಹೋಳುಗಳಾಗಿ ಮೇಲೇರುತ್ತ ಹೋಯಿತು. ಕಣ್ಣುಗುಡ್ಡೆಗಳು ಬಂದಾಗ ಅವ್ವ ಬೆಚ್ಚಿ, "ಅಯ್ಯ, ಕಣ್ಣು!" ಅಂದಳು. ಆಮೇಲೆ ಮೆಂತ್ಯದ ಸೂಡು ಬಿಡಿಸುವಾಗ ನೋಡುವ ಹಾಗೆ, ಒಂದೊಂದು ಹೋಳನ್ನೂ ಅಂಚಿನಿಂದ ಅಂಚಿಗೆ ನೋಡಿದಳು. ಉಂಗುರ ಇದ್ದ ಮಡಿಕೆ ಬಂದಾಗ ಡಾಕ್ಟರಮ್ಮ ತಾವೇ ಗಾಲಿ ನಿಲ್ಲಿಸಿದರು. ಅವ್ವ ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿ, ಮುಂದೆ ಹೋಗಿ ಅಂತ ಕೈ ಮಾಡಿದಳು. ಮಡಿಕೆಗಳು ಕಡಿಮೆಯಾಗುತ್ತ ಬಂದವು. ಕೊನೆಗೆ ನೆತ್ತಿಯ ಸಣ್ಣ ಬಿಳಿ ತುಣುಕು ಉಳಿಯಿತು, ಅದೂ ಹೋಗಿ ಪರದೆ ಕಪ್ಪಾಯಿತು.

"ಕುಠೇಚ್ ನಾಹೀ," ಅಂದಳು ಅವ್ವ ಮರಾಠಿಯಲ್ಲಿ. ಎಲ್ಲೂ ಇಲ್ಲ.

"ಕುಠೇಚ್ ನಾಹೀ," ಅಂದರು ಡಾಕ್ಟರಮ್ಮ.

ಹೊರಗಿನಿಂದ ಕಂಪೌಂಡರ್ ಬಾಗಿಲು ತೆರೆದು ಇಣುಕಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ವಲ್ಪ ಸಂಕೋಚದಿಂದ, ಇನ್ನೊಂದು ಸಲ ತೋರಿಸುತ್ತೀರಾ ಅಂತ ಕೇಳಿದಳು. ಡಾಕ್ಟರಮ್ಮ ಅವನಿಗೆ ಎರಡು ನಿಮಿಷ ಅಂತ ಬೆರಳು ತೋರಿಸಿ, ಮತ್ತೆ ಕತ್ತಿನ ಬುಡಕ್ಕೆ ಬಂದರು. ಈ ಸಲ ಅಪ್ಪನೂ ಕನ್ನಡಕ ಹಾಕಿಕೊಂಡು ಎದ್ದು ಬಂದು ಅವ್ವನ ಹಿಂದೆ ನಿಂತರು.